ಹಳೆಯ ಗಾಡಿಯ ಬೆಲೆಯೂ ಅದರ ಖರ್ಚೂ

ಪುತ್ತೂರಿನ ಅಡಿಕೆಪೇಟೆಯಲ್ಲಿ ಹಳತಕ್ಕೆ ಮರ್ಯಾದೆ ಹೆಚ್ಚು. ಈ ವರ್ಷ ಒಣಗಿಸಿ ಸುಲಿದು ತಂದ ಅಡಿಕೆಗೆ 'ಹೊಸತು' ಎಂದು ಹೆಸರು. ಒಂದು ವರ್ಷ ಕಾದಿರಿಸಿದುದು 'ಸಿಂಗಲ್ ಚೋಲ್'. ಮತ್ತೂ ಒಂದು ವರ್ಷ ಕಾದುದು 'ಡಬಲ್ ಚೋಲ್'. ಧಾರಣೆಯ ಪಟ್ಟಿಯಲ್ಲಿ ಹೊಸತಕ್ಕಿಂತ ಹಳತು ಸಾಮಾನ್ಯವಾಗಿ ಮೇಲೆಯೇ ಇರುತ್ತದೆ. ಆದರೆ ಆ ಅಡಿಕೆಯ ಗೋಣಿಗಳನ್ನು ಹೊತ್ತು ತಂದು ಅಂಗಡಿಯ ಮುಂದೆ ನಿಂತಿರುವ ಪಿಕಪ್ ಗಾಡಿಯ ಸಂಗತಿ ಬೇರೆ. ಅದು ಓಡಿದರೂ ಬೆಲೆ ಕಳೆದುಕೊಳ್ಳುತ್ತದೆ, ನಿಂತರೂ ಕಳೆದುಕೊಳ್ಳುತ್ತದೆ. ಕಾಲವೆಂಬುದು ಒಂದೇ; ಅಡಿಕೆಗೆ ಅದು ಬೆಲೆಯನ್ನು ಕೊಡುತ್ತದೆ, ಗಾಡಿಯಿಂದ ಕಸಿದುಕೊಳ್ಳುತ್ತದೆ. ಹೀಗೆ ಕಸಿದುಕೊಳ್ಳುವುದಕ್ಕೆ ಏನಾದರೂ ನಿಯಮವುಂಟೆ? ಉಂಟಾದರೆ, ಹಳೆಯ ಗಾಡಿಯೊಂದನ್ನು ಕೊಳ್ಳಹೊರಟ ಮನೆಯವರಿಗೆ ಅದರಿಂದ ಏನು ತಿಳಿಯುತ್ತದೆ? ಈ ಲೇಖನದಲ್ಲಿ ಅದನ್ನು ನೋಡೋಣ.

ಇದು ನಮ್ಮ ಕಡೆಯವರಿಗೆ ಬರಿಯ ಕುತೂಹಲದ ಪ್ರಶ್ನೆಯಲ್ಲ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಮನೆಗಳು ಬಯಲುಸೀಮೆಯಲ್ಲಿರುವಂತೆ ಒಂದೆಡೆ ಸೇರಿಕೊಂಡಿಲ್ಲ. ಒಂದೊಂದು ತೋಟಕ್ಕೆ ಒಂದೊಂದು ಮನೆ. ಡಾಮರು ರಸ್ತೆಯಿಂದ ಮನೆಯಂಗಳಕ್ಕೆ ಕೆಲವೊಮ್ಮೆ ಒಂದೆರಡು ಕಿಲೋಮೀಟರು ಮಣ್ಣಿನ ದಾರಿ. ರೋಗಿಯನ್ನು ಸಾಗಿಸುವುದಕ್ಕೂ ಗೊಬ್ಬರ ತರುವುದಕ್ಕೂ ಗಾಡಿ ಬೇಕು. ತೋಟದ ಆದಾಯವೋ ತಿಂಗಳ ಸಂಬಳದಂತೆ ಬರತಕ್ಕದ್ದಲ್ಲ. ಅಡಿಕೆ ಮಾರಿದಾಗ ಒಟ್ಟಾಗಿ ಬರುತ್ತದೆ. ಕೈಯಲ್ಲಿ ಹಣವಿರುವ ಆ ಕೆಲವು ವಾರಗಳಲ್ಲಿ ಹಳೆಯ ಜೀಪೋ ಕಾರೋ ಪಿಕಪ್ಪೋ ಅಂಗಳಕ್ಕೆ ಬರುವುದುಂಟು. ಆಯ್ಕೆ ಸರಿಯಾದರೆ ಹತ್ತು ವರ್ಷ ಅನುಕೂಲ. ತಪ್ಪಿದರೆ ಮುಂದಿನ ಬೆಳೆಯ ಹಣವೆಲ್ಲ ಗ್ಯಾರೇಜಿಗೆ ಹೋಗುತ್ತದೆ. ಕೊಳೆರೋಗ ಬಂದ ವರ್ಷವೇ ಎಂಜಿನ್ನೂ ಕೈಕೊಟ್ಟರೆ ಆ ಮನೆಯ ಮಕ್ಕಳ ಕಾಲೇಜಿನ ಶುಲ್ಕಕ್ಕೂ ತತ್ವಾರ. ನನ್ನ ತರಗತಿಯಲ್ಲಿಯೇ ಅಂಥ ವಿದ್ಯಾರ್ಥಿಗಳನ್ನು ಕಂಡಿದ್ದೇನೆ.

ಈ ಊರುಗಳಿಗೆ ಮೊದಲು ಒಗ್ಗಿದ ಗಾಡಿ ಜೀಪು. ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ವಿಲ್ಲಿಸ್ ಜೀಪನ್ನು, ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ, ಮಹೀಂದ್ರ ಸಂಸ್ಥೆಯವರು ಭಾರತದಲ್ಲಿ ಜೋಡಿಸತೊಡಗಿದರು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುವ ಈ ಗಾಡಿಗೆ ಕೆಸರಿನ ಏರು ಲೆಕ್ಕಕ್ಕಿಲ್ಲ. ಬಸ್ಸು ಹೋಗದ ದಾರಿಯಲ್ಲಿ ಜನರನ್ನು ತುಂಬಿಕೊಂಡು ಹೋಗುವ ಸರ್ವಿಸ್ ಜೀಪುಗಳನ್ನು ಸುಳ್ಯ, ಸುಬ್ರಹ್ಮಣ್ಯದ ಕಡೆಯವರು ಚೆನ್ನಾಗಿ ಬಲ್ಲರು. ಬಳಿಕ ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಕಾರು ಬಂದಿತು. ಆಗ ಅದರ ಬೆಲೆ ಸುಮಾರು ಐವತ್ತು ಸಾವಿರ ರೂಪಾಯಿ. ಮರುವರ್ಷ ಬಂದ ಅದರ ದೊಡ್ಡ ಸೋದರ, ಮುಂದೆ ಓಮ್ನಿ ಎಂದು ಹೆಸರಾದ ಪೆಟ್ಟಿಗೆಯಂಥ ಗಾಡಿ, ಜನಕ್ಕೂ ಬಾಳೆಗೊನೆಗೂ ಒಂದೇ ತೆರನಾಗಿ ಒದಗಿತು. ೮೦೦ರ ತಯಾರಿ ೨೦೧೪ರಲ್ಲಿ ನಿಂತಿತು, ಓಮ್ನಿಯದು ೨೦೧೯ರಲ್ಲಿ. ಕಾರ್ಖಾನೆಯಲ್ಲಿ ನಿಂತದ್ದು ರಸ್ತೆಯಲ್ಲಿ ನಿಲ್ಲಲಿಲ್ಲ. ಕೆಎ ೨೧ ಎಂಬ ಪುತ್ತೂರಿನ ನೋಂದಣಿಯ ಎಷ್ಟೋ ಓಮ್ನಿಗಳು ಕೈಯಿಂದ ಕೈಗೆ ದಾಟುತ್ತ ಬಂದಿವೆ.

ಮನೆಮಂದಿ ಯಾವುದಕ್ಕೆ ಎಷ್ಟು ಖರ್ಚು ಮಾಡುತ್ತಾರೆಂಬುದನ್ನು ಕೇಳಿ ಬರೆದುಕೊಳ್ಳುವ ಕೆಲಸವನ್ನು ನಮ್ಮ ದೇಶದಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯು ೧೯೫೦ರಿಂದ ನಡೆಸಿಕೊಂಡು ಬಂದಿದೆ. ಅದರ ಶಿಲ್ಪಿಯಾದ ಪ್ರಶಾಂತಚಂದ್ರ ಮಹಲನೋಬಿಸರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಎಂದು ಹೇಳಿಕೊಳ್ಳುವುದರಲ್ಲಿ ಅದೇ ಶಾಸ್ತ್ರವನ್ನು ಕಲಿಸುವ ನನಗೆ ತುಸು ಹೆಮ್ಮೆಯುಂಟು. ಈ ಸಮೀಕ್ಷೆ ಬಾಳಿಕೆಯ ವಸ್ತುಗಳ ವಿಷಯದಲ್ಲಿ ಹೊಸದಾಗಿ ಕೊಂಡದ್ದನ್ನು ಒಂದು ಅಂಕಣದಲ್ಲೂ, ದುರಸ್ತಿಗೆ ಕೊಟ್ಟದ್ದನ್ನು ಇನ್ನೊಂದರಲ್ಲೂ, ಇತರರು ಬಳಸಿದ್ದನ್ನು ಕೊಂಡದ್ದಾದರೆ ಮತ್ತೊಂದರಲ್ಲೂ ಬರೆಯುವ ಪದ್ಧತಿಯನ್ನು ಇಟ್ಟುಕೊಂಡಿತ್ತು. ಈ ಮೂರು ಅಂಕಣಗಳನ್ನು ನೆನಪಿಡಿರಿ, ಮುಂದೆ ಬೇಕಾಗುತ್ತವೆ.

ಸಮೀಕ್ಷೆಯಲ್ಲಿ ಕಂಡುಬಂದ ಒಂದು ಸಂಗತಿ ನಮ್ಮ ಅಜ್ಜಂದಿರನ್ನು ಬೆರಗುಗೊಳಿಸುವಂಥದು. ೨೦೧೧-೧೨ರಲ್ಲಿ ಭಾರತದ ಗ್ರಾಮಾಂತರದ ಮನೆಗಳು ಖರ್ಚು ಮಾಡಿದ ನೂರು ರೂಪಾಯಿಗಳಲ್ಲಿ ಸುಮಾರು ನಾಲ್ಕು ರೂಪಾಯಿ ಓಡಾಟಕ್ಕೆ ಹೋಗುತ್ತಿತ್ತು. ೨೦೨೨-೨೩ರಲ್ಲಿ ಅದು ಏಳೂವರೆ ರೂಪಾಯಿಯಾಯಿತು. ಅದೇ ವರ್ಷ ಅಕ್ಕಿ, ಗೋಧಿ ಮುಂತಾದ ಏಕದಳ ಧಾನ್ಯಗಳನ್ನು ಕೊಳ್ಳಲು ಆ ಮನೆಗಳು ಕೊಟ್ಟದ್ದು ಐದು ರೂಪಾಯಿಗೂ ಕಡಿಮೆ. ಹಳ್ಳಿಯ ಮನೆ ಈಗ ಅನ್ನಕ್ಕಿಂತ ಓಟಕ್ಕೆ ಹೆಚ್ಚು ಹಣ ತೆರುತ್ತಿದೆ ಎಂದಾಯಿತು. ಈ ಏಳೂವರೆಯಲ್ಲಿ ಇಂಧನವೂ ಬಾಡಿಗೆಯೂ ಟಿಕೇಟೂ ಸೇರಿವೆಯೇ ಹೊರತು ಗಾಡಿಯ ಬೆಲೆ ಸೇರಿಲ್ಲ. ಅದು ಬಾಳಿಕೆಯ ವಸ್ತುಗಳ ಲೆಕ್ಕಕ್ಕೆ ಹೋಗುತ್ತದೆ.

ಇಷ್ಟಾದರೂ ಸಮೀಕ್ಷೆಯ ಕೋಷ್ಟಕ ಒಂದು ಮನೆಯ ನಿಜವಾದ ವೆಚ್ಚವನ್ನು ತೋರಿಸಲಾರದು. ಗಾಡಿ ಕೊಂಡ ವರ್ಷ ಅದರಲ್ಲಿ ಎರಡು ಲಕ್ಷವೆಂದು ಬರೆದಿರುತ್ತದೆ, ಮುಂದಿನ ಹತ್ತು ವರ್ಷ ಸೊನ್ನೆ. ಗಾಡಿ ಮಾತ್ರ ಹನ್ನೊಂದು ವರ್ಷವೂ ಸವೆಯುತ್ತಿರುತ್ತದೆ. ಕಾಲದೊಂದಿಗೆ ಬದಲಾಗುವ ಯಾವುದೇ ವಸ್ತುವನ್ನು ಕಂಡಾಗ ಭೌತಶಾಸ್ತ್ರಜ್ಞನು ಮೊದಲು ಕೇಳುವುದು 'ಎಷ್ಟು?' ಎಂದಲ್ಲ, 'ಯಾವ ದರದಲ್ಲಿ?' ಎಂದು. ನಾವೂ ಹಾಗೆಯೇ ಕೇಳೋಣ.

ಬೆಲೆಯ ಇಳಿತಕ್ಕೆ ಎರಡು ಅಧಿಕೃತ ಪಟ್ಟಿಗಳುಂಟು. ಒಂದು ವಿಮಾ ಸಂಸ್ಥೆಗಳದು. ಒಂದು ವರ್ಷ ದಾಟಿ ಎರಡರೊಳಗಿರುವ ಗಾಡಿಗೆ ನೂರಕ್ಕೆ ಇಪ್ಪತ್ತು, ಮೂರರೊಳಗಿದ್ದರೆ ಮೂವತ್ತು, ನಾಲ್ಕರೊಳಗಿದ್ದರೆ ನಲವತ್ತು, ಐದರೊಳಗಿದ್ದರೆ ಐವತ್ತು ಎಂದು ಅವು ಸವಕಳಿಯನ್ನು ಕಳೆಯುತ್ತವೆ. ಇದು ಮೆಟ್ಟಿಲಿಳಿದಂತೆ, ವರ್ಷಕ್ಕೆ ಹತ್ತರಂತೆ ಸಮನಾದ ಇಳಿತ. ಎರಡನೆಯದು ಆದಾಯ ತೆರಿಗೆಯವರದು. ಅವರು ಕಾರಿಗೆ ವರ್ಷಕ್ಕೆ ನೂರಕ್ಕೆ ಹದಿನೈದು ಎಂದಿಟ್ಟಿದ್ದಾರೆ. ಆದರೆ ಮೂಲ ಬೆಲೆಯ ಮೇಲಲ್ಲ, ಹಿಂದಿನ ವರ್ಷ ಉಳಿದ ಬೆಲೆಯ ಮೇಲೆ. ಆರು ಲಕ್ಷದ ಕಾರು ಮೊದಲ ವರ್ಷ ತೊಂಬತ್ತು ಸಾವಿರ ಕಳೆದುಕೊಂಡು ಐದು ಲಕ್ಷ ಹತ್ತು ಸಾವಿರವಾಗುತ್ತದೆ; ಎರಡನೆಯ ವರ್ಷ ಆ ಐದು ಲಕ್ಷ ಹತ್ತು ಸಾವಿರದ ಶೇಕಡಾ ಹದಿನೈದನ್ನು, ಎಂದರೆ ಎಪ್ಪತ್ತಾರೂವರೆ ಸಾವಿರವನ್ನು ಕಳೆದುಕೊಳ್ಳುತ್ತದೆ. ಇಳಿತ ವರ್ಷವರ್ಷಕ್ಕೂ ಮಂದವಾಗುತ್ತ ಹೋಗುತ್ತದೆ.

ಈ ಎರಡನೆಯ ಬಗೆಯ ಇಳಿತವನ್ನು ನೀವು ಈಗಾಗಲೇ ಬಲ್ಲಿರಿ. ವಿಕಿರಣಪಟು ವಸ್ತುವೊಂದು ಕ್ಷಯಿಸುವುದು ಹೀಗೆಯೇ. ಉಳಿದಿರುವ ಪರಮಾಣುಗಳ ಇಂತಿಷ್ಟು ಭಾಗ ಇಂತಿಷ್ಟು ಕಾಲದಲ್ಲಿ ಒಡೆಯುತ್ತದೆ. ಆದುದರಿಂದ ಅರ್ಧದಷ್ಟು ಒಡೆಯಲು ಬೇಕಾಗುವ ಕಾಲ ಯಾವಾಗಲೂ ಒಂದೇ. ಅದನ್ನು ಅರ್ಧಾಯು ಎನ್ನುತ್ತೇವೆ. ಕಾರಿನ ಅರ್ಧಾಯು ಎಷ್ಟು? ೦.೮೫ನ್ನು ಎಷ್ಟು ಸಲ ತನ್ನಿಂದಲೇ ಗುಣಿಸಿದರೆ ೦.೫ ಬರುತ್ತದೆಂದು ನೋಡಿದರಾಯಿತು. ಲಾಗರಿತಮ್ ಕೋಷ್ಟಕ ತೆರೆಯಿರಿ: ೦.೩೦೧೦ನ್ನು ೦.೦೭೦೬ರಿಂದ ಭಾಗಿಸಿದರೆ ಸುಮಾರು ೪.೨೬, ಎಂದರೆ ನಾಲ್ಕು ವರ್ಷ ಮೂರು ತಿಂಗಳು. ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬಳಕೆಯಾದ ಕೋಬಾಲ್ಟ್-೬೦ರ ಅರ್ಧಾಯು ಐದು ವರ್ಷಕ್ಕೆ ಸ್ವಲ್ಪ ಮೇಲು. ಕಾರಿನ ಬೆಲೆ ಅದಕ್ಕಿಂತ ಬೇಗ ಕ್ಷಯಿಸುತ್ತದೆ! ಬಾಡಿಗೆಗೆ ಓಡುವ ಲಾರಿ, ಟ್ಯಾಕ್ಸಿಗಳಿಗೆ ತೆರಿಗೆಯವರು ನೂರಕ್ಕೆ ಮೂವತ್ತು ಎಂದಿಟ್ಟಿದ್ದಾರೆ. ಅವುಗಳ ಅರ್ಧಾಯು ಎರಡು ವರ್ಷವೂ ಇಲ್ಲ.

ಎರಡು ಪಟ್ಟಿಗಳೂ ಕಾರು ನಾಲ್ಕರಿಂದ ಐದನೆಯ ವರ್ಷದೊಳಗೆ ಅರ್ಧಕ್ಕೆ ಇಳಿಯುತ್ತದೆಂಬಲ್ಲಿ ಒಂದಾಗುತ್ತವೆ. ಅಲ್ಲಿಂದ ಮುಂದೆ ದಾರಿ ಬೇರೆ. ಸಮನಾದ ಮೆಟ್ಟಿಲುಗಳಲ್ಲೇ ಇಳಿದರೆ ಹತ್ತನೆಯ ವರ್ಷದ ಹೊತ್ತಿಗೆ ಬೆಲೆ ಸೊನ್ನೆಯಾಗಬೇಕು. ಹತ್ತು ವರ್ಷದ ಜೀಪನ್ನು ಪುಕ್ಕಟೆ ಕೊಡುವವನನ್ನು ನಾನಂತೂ ನೋಡಿಲ್ಲ. ವಿಮೆಯವರೂ ಐದು ವರ್ಷ ದಾಟಿದ ಮೇಲೆ ತಮ್ಮ ಪಟ್ಟಿಯನ್ನು ಬಿಟ್ಟು, ಒಡೆಯನೊಡನೆ ಮಾತಾಡಿ ಬೆಲೆಯನ್ನು ಗೊತ್ತುಮಾಡಿಕೊಳ್ಳುತ್ತಾರೆ. ಬಾಗಿದ ರೇಖೆಯೇ ಲೋಕಾನುಭವಕ್ಕೆ ಹತ್ತಿರ.

ಹೀಗಿರುವಲ್ಲಿ ಕೊಳ್ಳುವವನು ಒಂದು ಸುಲಭವಾದ ತೀರ್ಮಾನಕ್ಕೆ ಬಂದಾನು: ಇಳಿತ ವರ್ಷವರ್ಷಕ್ಕೆ ಕಡಿಮೆಯಾಗುವುದಾದರೆ, ಎಷ್ಟು ಹಳೆಯದನ್ನು ಕೊಂಡರೆ ಅಷ್ಟು ಲಾಭವಲ್ಲವೆ? ಐದು ವರ್ಷದ ಕಾರಿನ ಬೆಲೆ ಮುಂದಿನ ವರ್ಷ ನಲವತ್ತು ಸಾವಿರ ಇಳಿದರೆ, ಹತ್ತು ವರ್ಷದ್ದು ಹದಿನೆಂಟು ಸಾವಿರವೂ ಇಳಿಯದು. ಹದಿನೈದು ವರ್ಷದ್ದರ ಬೆಲೆಯಲ್ಲಿ ಇಳಿಯುವುದಕ್ಕೆ ಉಳಿದಿರುವುದಾದರೂ ಏನು?

ಪರಮಾಣುವಿನ ಹೋಲಿಕೆ ಮುರಿದು ಬೀಳುವುದು ಇಲ್ಲಿಯೇ. ಪರಮಾಣುಬೀಜಕ್ಕೆ ಮುಪ್ಪೆಂಬುದಿಲ್ಲ. ಸಾವಿರ ವರ್ಷ ಒಡೆಯದೆ ಉಳಿದ ರೇಡಿಯಮ್ಮಿನ ಪರಮಾಣುವೊಂದು ನಾಳೆ ಒಡೆಯುವ ಸಂಭವ, ನಿನ್ನೆ ಹುಟ್ಟಿದ ಪರಮಾಣು ಒಡೆಯುವ ಸಂಭವದಷ್ಟೇ. ಅದಕ್ಕೆ ತನ್ನ ಕಳೆದ ಕಾಲದ ನೆನಪೇ ಇಲ್ಲ. ಗಾಡಿಗಾದರೋ ಎಲ್ಲವೂ ನೆನಪಿನಲ್ಲಿರುತ್ತದೆ. ಹತ್ತಿದ ಪ್ರತಿಯೊಂದು ಏರು, ಬದಲಾಯಿಸದೆ ಬಿಟ್ಟ ಎಣ್ಣೆ, ನಿಂತ ನೀರಿನಲ್ಲಿ ಹಾಯ್ದ ಹೊಳೆ, ಎಲ್ಲವೂ ಲೋಹದಲ್ಲಿ ಬರೆದಿಟ್ಟಂತಿರುತ್ತದೆ. ಯಂತ್ರಗಳು ಕೆಡುವ ಬಗೆಯನ್ನು ಅಭ್ಯಾಸ ಮಾಡುವ ಎಂಜಿನಿಯರುಗಳು ಅದನ್ನು ಸ್ನಾನದ ತೊಟ್ಟಿಯ ಆಕಾರದ ರೇಖೆಯಿಂದ ತೋರಿಸುತ್ತಾರೆ: ಹೊಸದರಲ್ಲಿ ತಯಾರಿಕೆಯ ದೋಷಗಳಿಂದ ಕೆಲವು ಕೆಡುತ್ತವೆ, ಮಧ್ಯೆ ದೀರ್ಘಕಾಲ ಶಾಂತಿ, ಕೊನೆಗೆ ಸವೆತದಿಂದ ಕೆಡುವುದು ಬರಬರುತ್ತ ಹೆಚ್ಚುತ್ತದೆ. ದುರಸ್ತಿಯ ಖರ್ಚು ಏರುವ ರೇಖೆ. ಬೆಲೆಯ ಇಳಿತ ಇಳಿಯುವ ರೇಖೆ. ಮನೆಯವರು ತೆರುವುದು ಇವೆರಡರ ಮೊತ್ತವನ್ನು.

ಒಂದು ಊಹೆಯ ಲೆಕ್ಕ ಮಾಡೋಣ. ನಮ್ಮ ಆರು ಲಕ್ಷದ ಕಾರಿಗೆ ಮೊದಲ ವರ್ಷ ದುರಸ್ತಿ, ಟೈರು ಮುಂತಾದುವಕ್ಕೆ ಎಂಟು ಸಾವಿರ ಹಿಡಿಯಿತೆಂದೂ ಆ ಖರ್ಚು ವರ್ಷಕ್ಕೆ ನೂರಕ್ಕೆ ಹದಿನೈದರಂತೆ ಏರುತ್ತದೆಂದೂ ಇಟ್ಟುಕೊಳ್ಳಿ. ಮೊದಲ ವರ್ಷ ಬೆಲೆಯ ನಷ್ಟ ೯೦,೦೦೦, ದುರಸ್ತಿ ೮,೦೦೦. ಒಟ್ಟು ೯೮,೦೦೦ ರೂಪಾಯಿ. ಐದನೆಯ ವರ್ಷ ೪೭,೦೦೦ಕ್ಕೆ ೧೪,೦೦೦ ಸೇರಿ ೬೧,೦೦೦. ಒಂಬತ್ತನೆಯ ವರ್ಷ ಎರಡು ರೇಖೆಗಳೂ ಸಂಧಿಸುತ್ತವೆ: ನಷ್ಟ ೨೪,೫೦೦, ದುರಸ್ತಿಯೂ ೨೪,೫೦೦, ಒಟ್ಟು ೪೯,೦೦೦. ಹತ್ತನೆಯ ವರ್ಷವೂ ಹೆಚ್ಚು ಕಡಿಮೆ ಅಷ್ಟೇ. ಅಲ್ಲಿಂದ ಮೊತ್ತ ಮತ್ತೆ ಏರತೊಡಗಿ ಹದಿನೈದನೆಯ ವರ್ಷ ೬೬,೦೦೦ದ ಹತ್ತಿರ ಬರುತ್ತದೆ. ಆ ವರ್ಷದಲ್ಲಿ ಬೆಲೆಯ ನಷ್ಟ ಒಂಬತ್ತು ಸಾವಿರ ಚಿಲ್ಲರೆ ಮಾತ್ರ, ಉಳಿದದ್ದೆಲ್ಲ ದುರಸ್ತಿ. ಚೌಕುಳಿ ಕಾಗದದ ಮೇಲೆ ಈ ಮೊತ್ತಗಳನ್ನು ಗುರುತಿಸಿ ನೋಡಿದರೆ, ಎಡದಿಂದ ಕಡಿದಾಗಿ ಇಳಿದು, ಏಳರಿಂದ ಹನ್ನೆರಡರವರೆಗೆ ಬಹುಮಟ್ಟಿಗೆ ಚಪ್ಪಟೆಯಾಗಿದ್ದು, ಬಲಕ್ಕೆ ಮೇಲೇರುವ ಒಂದು ಕಣಿವೆ ಕಾಣುತ್ತದೆ. ಹಳೆಯ ಗಾಡಿಯನ್ನು ಕೊಳ್ಳುವುದೆಂದರೆ ಇನ್ನೊಬ್ಬರು ಆ ಕಡಿದಾದ ಇಳಿಜಾರನ್ನು ಇಳಿದು ಮುಗಿಸಿದ ಮೇಲೆ ಕಣಿವೆಯೊಳಗೆ ಪ್ರವೇಶಿಸುವುದು. ಕಷ್ಟವೇನೆಂದರೆ ಕಣಿವೆಯ ಆಚೆಯ ಏರು ಎಲ್ಲಿ ಆರಂಭವಾಗುತ್ತದೆಂಬುದು ಎಲ್ಲ ಊರುಗಳಿಗೂ ಒಂದೇ ಅಲ್ಲ.

ನಮ್ಮ ಊರುಗಳಲ್ಲಿ ಆ ಏರು ಬೇಗ ಬರುತ್ತದೆ. ಕಾರಣಗಳಲ್ಲಿ ಮುಖ್ಯವಾದುದು ಮಳೆ. ಪುತ್ತೂರು ಸುಳ್ಯದ ಕಡೆ ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರು ಮಳೆ ಸುರಿಯುವುದು ವಿಶೇಷವೇನೂ ಅಲ್ಲ. ಆಟಿ ತಿಂಗಳಲ್ಲಿ ಬಟ್ಟೆಯೇ ಒಣಗದು, ಇನ್ನು ಗಾಡಿಯ ಅಡಿಭಾಗ ಒಣಗೀತೆ? ಕಬ್ಬಿಣ, ನೀರು, ಆಮ್ಲಜನಕ ಇವು ಮೂರೂ ಕೂಡಿದಲ್ಲಿ ತುಕ್ಕು ಹುಟ್ಟುತ್ತದೆಂದು ಶಾಲೆಯಲ್ಲಿ ಕಲಿತಿದ್ದೇವೆ. ಅದು ನಿಜವಾಗಿ ಒಂದು ವಿದ್ಯುತ್ ಕ್ರಿಯೆ. ಕೇಂಬ್ರಿಜ್ಜಿನ ಇವಾನ್ಸ್ ಎಂಬ ವಿಜ್ಞಾನಿಯ ಪ್ರಯೋಗವೊಂದನ್ನು ನೀವೂ ಮಾಡಿ ನೋಡಬಹುದು. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ತಗಡಿನ ಮೇಲೆ ಒಂದು ಹನಿ ಉಪ್ಪುನೀರನ್ನಿಡಿ. ಹನಿಯ ಅಂಚಿಗೆ ಗಾಳಿಯ ಆಮ್ಲಜನಕ ಸುಲಭವಾಗಿ ಸಿಗುತ್ತದೆ, ನಡುವಿಗೆ ಸಿಗದು. ಕಬ್ಬಿಣ ಕರಗುವುದು ಎಲ್ಲಿ? ಆಮ್ಲಜನಕ ಹೆಚ್ಚಾಗಿರುವ ಅಂಚಿನಲ್ಲೆಂದು ಹೇಳುವಿರಿ. ಅಲ್ಲ! ಆಮ್ಲಜನಕ ಕಡಿಮೆಯಿರುವ ನಡುವಿನಲ್ಲಿ. ಅಂಚು ಧನಧ್ರುವದಂತೆಯೂ ನಡು ಋಣಧ್ರುವದಂತೆಯೂ ವರ್ತಿಸುವ ಒಂದು ಪುಟ್ಟ ಬ್ಯಾಟರಿ ಅಲ್ಲಿ ಏರ್ಪಟ್ಟು, ನಡುವಿನ ಕಬ್ಬಿಣ ಕರಗಿ, ನಡುವೆಗೂ ಅಂಚಿಗೂ ಮಧ್ಯದಲ್ಲಿ ತುಕ್ಕಿನ ಬಳೆ ಮೂಡುತ್ತದೆ.

ಈ ಹನಿಯ ಪಾಠವನ್ನು ಗಾಡಿಯ ಅಡಿಗೆ ಅನ್ವಯಿಸಿರಿ. ನಮ್ಮ ಮುರಕಲ್ಲಿನ ಕೆಂಪು ಮಣ್ಣು ಚಾಸಿಸ್ ಎಂದು ಕರೆಯುವ ಅಡಿಚೌಕಟ್ಟಿನ ಮೂಲೆಗಳಿಗೆ ಮೆತ್ತಿಕೊಳ್ಳುತ್ತದೆ. ಮಣ್ಣಿನ ಅಡಿಯಲ್ಲಿ ತೇವವಿದೆ, ಆಮ್ಲಜನಕ ಕಡಿಮೆ. ಪಕ್ಕದ ಬರಿಯ ಲೋಹಕ್ಕೆ ಆಮ್ಲಜನಕ ಧಾರಾಳ. ಕಣ್ಣಿಗೆ ಕಾಣುವ ಬರಿಯ ಲೋಹ ಕ್ಷೇಮವಾಗಿದ್ದು, ಕಾಣದ ಮಣ್ಣಿನಡಿಯ ಲೋಹ ಕರಗುತ್ತ ಹೋಗುತ್ತದೆ. ಅಲ್ಯೂಮಿನಿಯಮ್ಮಿನ ಮೇಲೆ ಹುಟ್ಟುವ ಆಕ್ಸೈಡು ಬಿಗಿಯಾಗಿ ಅಂಟಿಕೊಂಡು ಒಳಗಿನದನ್ನು ಕಾಯುತ್ತದೆ, ತುಕ್ಕು ಹಾಗಲ್ಲ. ಅದು ತಾನು ತಿಂದ ಕಬ್ಬಿಣಕ್ಕಿಂತ ಎಷ್ಟೋ ಪಾಲು ಹೆಚ್ಚು ಜಾಗವನ್ನು ಆಕ್ರಮಿಸಿ, ಉಬ್ಬಿ, ಪದರಪದರವಾಗಿ ಉದುರಿ, ಹೊಸ ಲೋಹವನ್ನು ನೀರಿಗೆ ಒಡ್ಡುತ್ತದೆ. ಮಳೆಗಾಲದಲ್ಲಿ ಮೇಲ್ಮೈಯನ್ನು ಎಷ್ಟು ಉಜ್ಜಿ ತೊಳೆದರೂ ಅಡಿಯ ಮಣ್ಣನ್ನು ತೊಳೆಯದಿದ್ದರೆ ಆಗುವ ಉಪಕಾರ ಅಲ್ಪ.

ಇನ್ನೊಂದು ಕಾರಣ ಏರುತಗ್ಗು. ಗಾಡಿಯ ಮೀಟರು ದೂರವನ್ನು ಅಳೆಯುತ್ತದೆ, ಎತ್ತರವನ್ನು ಅಳೆಯುವುದಿಲ್ಲ. ಸುಳ್ಯದಿಂದ ಸಂಪಾಜೆಯ ಘಾಟಿ ಹತ್ತಿ ಮಡಿಕೇರಿಗೆ ಹೋಗುವ ಪಿಕಪ್ಪು ಸುಮಾರು ಒಂದು ಸಾವಿರ ಮೀಟರು ಮೇಲೇರುತ್ತದೆ. ಹೊರೆ ಸೇರಿ ಅದರ ದ್ರವ್ಯರಾಶಿ ಎರಡೂವರೆ ಟನ್ ಎಂದಾದರೆ, ಏರುವುದಕ್ಕಷ್ಟೇ ಬೇಕಾದ ಶಕ್ತಿ ೨,೫೦೦ × ೯.೮ × ೧,೦೦೦, ಎಂದರೆ ಎರಡು ಕೋಟಿ ನಲವತ್ತೈದು ಲಕ್ಷ ಜೂಲ್. ಇಳಿದು ಬರುವಾಗ ಇದೇ ಶಕ್ತಿ ಬ್ರೇಕುಗಳಲ್ಲೂ ಎಂಜಿನ್ನಿನಲ್ಲೂ ಶಾಖವಾಗಿ ವ್ಯಯವಾಗಬೇಕು. ಅಷ್ಟು ಶಾಖದಿಂದ ಎಂಬತ್ತು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಬಚ್ಚಲಿನ ದೊಡ್ಡ ಹಂಡೆಯೊಂದನ್ನು ನೆನಪಿಗೆ ತಂದುಕೊಳ್ಳಿ. ಘಾಟಿಯಲ್ಲಿ ದುಡಿದ ಐವತ್ತು ಸಾವಿರ ಕಿಲೋಮೀಟರಿಗೂ ಮಂಗಳೂರಿನ ಸಮತಟ್ಟಾದ ರಸ್ತೆಯ ಐವತ್ತು ಸಾವಿರಕ್ಕೂ ಹೋಲಿಕೆಯೇ ಇಲ್ಲ.

ಮೇಲಿನ ಊಹೆಯ ಲೆಕ್ಕದಲ್ಲಿ ದುರಸ್ತಿಯ ಏರಿಕೆಯನ್ನು ಹದಿನೈದರ ಬದಲು ಇಪ್ಪತ್ತು ಎಂದಿಡಿ. ಕಣಿವೆಯ ತಳ ಒಂಬತ್ತು-ಹತ್ತರಿಂದ ಏಳು-ಎಂಟನೆಯ ವರ್ಷಕ್ಕೆ ಸರಿಯುತ್ತದೆ. ತಳವೇ ೪೯,೦೦೦ದಿಂದ ೫೭,೫೦೦ಕ್ಕೆ ಎತ್ತರಿಸುತ್ತದೆ. ಒಣಹವೆಯ ಊರಿನವರು ಧೈರ್ಯವಾಗಿ ಕೊಳ್ಳುವ ವಯಸ್ಸಿನ ಗಾಡಿಯನ್ನು ನಾವು ಎರಡು ಸಲ ಯೋಚಿಸಿ ಕೊಳ್ಳಬೇಕಾದುದು ಇದಕ್ಕಾಗಿಯೇ.

ಇಷ್ಟನ್ನೂ ತಿಳಿದವನಿಗೂ ಒಂದು ತೊಡಕು ಉಳಿಯುತ್ತದೆ. ನನ್ನ ಸೋದರಮಾವನವರು ೨೦೦೯ರಲ್ಲಿ ಅಡಿಕೆ ಮಾರಿದ ಹಣದಿಂದ ತೊಂಬತ್ತು ಸಾವಿರ ಕೊಟ್ಟು ಒಂದು ಹಳೆಯ ಜೀಪನ್ನು ತಂದರು. ಐದು ಸಾವಿರ ಚೌಕಾಸಿ ಮಾಡಿ ಇಳಿಸಿದೆನೆಂಬ ಸಂತೋಷ ಅವರದು. ಅಡಿಭಾಗಕ್ಕೆ ಹೊಚ್ಚಹೊಸ ಕಪ್ಪು ಬಣ್ಣ ಬಳಿದಿತ್ತು. ಮಾರುವವನ ಅಚ್ಚುಕಟ್ಟುತನವನ್ನು ನಾವೆಲ್ಲ ಮೆಚ್ಚಿಕೊಂಡೆವು. ಜುಲೈ ತಿಂಗಳಲ್ಲಿ ಮನೆಯ ಏರಿನಲ್ಲಿ ಒಂದು ಪಟ್ಟಿ ಮುರಿಯಿತು. ಗ್ಯಾರೇಜಿನ ಹಿರಿಯ ಮೆಕ್ಯಾನಿಕರು ಅಡಿಗೆ ಹೋಗಿ, ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಸ್ಸನ್ನು ಕುಟ್ಟಿ, ಹೊರಗೆ ಬಂದು, "ಅಣ್ಣೇರೇ, ಒಳ್ಳೆಯ ಕಬ್ಬಿಣ ಗಂಟೆಯ ಹಾಗೆ ಕೇಳಬೇಕು. ಇದು ಕುಂಬಳಕಾಯಿಯ ಹಾಗೆ ಕೇಳ್ತದೆ," ಎಂದರು. ಭೌತಶಾಸ್ತ್ರದ ಸ್ನಾತಕೋತ್ತರ ಪದವಿ ಮುಗಿಸಿ ಪಕ್ಕದಲ್ಲಿ ನಿಂತಿದ್ದ ನನಗೆ ಆ ಕಂಪನದ ಪಾಠ ಮೊದಲೇ ಹೊಳೆಯಬಾರದಿತ್ತೆ! ಬಣ್ಣ ಬಳಿದದ್ದು ಅಂದಕ್ಕಲ್ಲ, ಮುಚ್ಚುವುದಕ್ಕೆ.

ಮಾರುವವನು ಬಲ್ಲುದನ್ನು ಕೊಳ್ಳುವವನು ಅರಿಯನು. ಇದರಿಂದ ಇಡೀ ಪೇಟೆಗೆ ಏನಾಗುತ್ತದೆಂಬುದನ್ನು ಅಮೆರಿಕದ ಜಾರ್ಜ್ ಅಕರ್‌ಲಾಫ್ ಎಂಬ ಅರ್ಥಶಾಸ್ತ್ರಜ್ಞರು ೧೯೭೦ರಲ್ಲಿ ಒಂದು ಲೇಖನದಲ್ಲಿ ವಿವರಿಸಿದರು. ೨೦೦೧ರ ನೊಬೆಲ್ ಪಾರಿತೋಷಕ ಪಡೆದ ಮೂವರಲ್ಲಿ ಅವರೊಬ್ಬರು. ಅವರು ಆರಿಸಿಕೊಂಡ ಉದಾಹರಣೆಯೇ ಹಳೆಯ ಕಾರುಗಳದು. ಒಳ್ಳೆಯ ಕಾರು ಎರಡು ಲಕ್ಷ ಬಾಳುತ್ತದೆ, ಕೆಟ್ಟದ್ದು ಒಂದು ಲಕ್ಷ ಎನ್ನೋಣ. ಕೊಳ್ಳುವವನಿಗೆ ಯಾವುದು ಯಾವುದೆಂದು ತಿಳಿಯದು. ಆದುದರಿಂದ ಅವನು ನಡುವಿನ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಕೊಡಲೊಪ್ಪನು. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲೊಲ್ಲನು. ಕೆಟ್ಟದರ ಒಡೆಯ ಕುಣಿಯುತ್ತ ಬರುತ್ತಾನೆ. ಪೇಟೆಯಲ್ಲಿ ಕೆಟ್ಟವು ಹೆಚ್ಚಿದಂತೆ ಕೊಳ್ಳುವವನು ಕೊಡುವ ಬೆಲೆ ಇನ್ನೂ ಇಳಿಯುತ್ತದೆ. ಉಳಿದ ಒಳ್ಳೆಯವೂ ಮನೆಗೆ ಮರಳುತ್ತವೆ.

ಅಡಿಕೆಪೇಟೆ ಹೀಗೆ ಕೆಡಲಿಲ್ಲವೇಕೆ? ಅಲ್ಲಿ ಗೋಣಿಯಿಂದ ಒಂದು ಹಿಡಿ ತೆಗೆದು, ಕತ್ತರಿಸಿ, ಒಳಗಿನ ಬಿಳುಪನ್ನು ನೋಡುತ್ತಾರೆ. ಪಟೋರ, ಕರಿಗೋಟು ಎಂದು ಬೇರ್ಪಡಿಸುತ್ತಾರೆ. ಹತ್ತು ಅಡಿಕೆ ಕತ್ತರಿಸಿದರೆ ರೈತನಿಗೆ ನಷ್ಟವಿಲ್ಲ. ಎಂಜಿನ್ನನ್ನು ಹಾಗೆ ಕತ್ತರಿಸಿ ನೋಡುವಂತಿಲ್ಲವಾದರೂ ಹೊರಗಿನಿಂದ ಅದರ ಒಳವನ್ನು ಅರಿಯುವ ಉಪಾಯಗಳಿಲ್ಲದೆ ಇಲ್ಲ. ಚಾಸಿಸ್ಸನ್ನು ಕುಟ್ಟಿ ಕೇಳುವುದು ಒಂದು. ಬೆಳಗ್ಗೆ, ಎಂಜಿನ್ ತಣ್ಣಗಿರುವಾಗಲೇ ಹೋಗಿ ಮೊದಲ ಸಲ ಚಾಲೂ ಮಾಡಿಸಿ ಹೊಗೆಯ ಬಣ್ಣ ನೋಡುವುದು ಇನ್ನೊಂದು: ನೀಲಿ ಹೊಗೆಯಾದರೆ ಎಂಜಿನ್ನಿನ ಎಣ್ಣೆ ಉರಿಯುತ್ತಿದೆ, ಬಹುಶಃ ಪಿಸ್ಟನ್ನಿನ ಬಳೆಗಳು ಸವೆದಿವೆ. ಮುಂದಿನ ಟೈರುಗಳು ಒಂದೇ ಮಗ್ಗುಲಿಗೆ ಸವೆದಿದ್ದರೆ ಚಕ್ರಗಳ ಕೋನ ಕೆಟ್ಟಿದೆ. ಎಂದೋ ಅಪಘಾತವಾಗಿದ್ದರೂ ಇರಬಹುದು. ಮೀಟರು ಮೂವತ್ತು ಸಾವಿರವೆನ್ನುತ್ತ, ಬ್ರೇಕಿನ ಪೆಡಲಿನ ರಬ್ಬರು ನುಣುಪಾಗಿ ಸವೆದಿದ್ದರೆ, ರಬ್ಬರನ್ನೇ ನಂಬಿರಿ.

ಬೆಲೆಯ ಬಾಗಿದ ರೇಖೆ ಪ್ರಕೃತಿನಿಯಮವಲ್ಲವೆಂಬುದನ್ನೂ ಹೇಳದಿದ್ದರೆ ತಪ್ಪಾದೀತು. ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಪರ್ಮಿಟ್ಟಿನ ಕಾಲದಲ್ಲಿ, ಕೈಗೆ ಸಿಗುವ ಹಳೆಯ ಕಾರಿಗೆ ಹೊಸದರ ಬೆಲೆಯನ್ನೂ ಮೀರಿ ಕೊಡುವವರಿದ್ದರು. ಅಮೆರಿಕದಲ್ಲಿ ೨೦೨೧ರ ಜೂನಿಗೆ ಮುಗಿದ ಹನ್ನೆರಡು ತಿಂಗಳಲ್ಲಿ ಬಳಸಿದ ಕಾರು ಮತ್ತು ಟ್ರಕ್ಕುಗಳ ಬೆಲೆ ಇಳಿಯುವ ಬದಲು ನೂರಕ್ಕೆ ನಲವತ್ತೈದರಷ್ಟು ಏರಿತು! ಕೊರೋನಾ ಪಿಡುಗಿನ ಬಳಿಕ ಅರೆವಾಹಕದ ಪುಟ್ಟ ಬಿಲ್ಲೆಗಳು ಸಾಲದೆ ಕಾರ್ಖಾನೆಗಳು ಹೊಸ ಕಾರನ್ನು ಸಾಕಷ್ಟು ತಯಾರಿಸಲಾರದೆ ಹೋದುದೇ ಕಾರಣ. ಲೋಹ ಎಂದಿನಂತೆಯೇ ಸವೆಯುತ್ತಿತ್ತು; ಅಭಾವ ಬೆಲೆಯನ್ನು ಎತ್ತಿತು.

ಕಾನೂನೂ ರೇಖೆಯನ್ನು ತಿರುಚುತ್ತದೆ. ಸ್ವಂತ ಉಪಯೋಗದ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ; ಆಮೇಲೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಅದರ ಶುಲ್ಕ ೬೦೦ ರೂಪಾಯ ಇದ್ದುದು ೨೦೨೨ರ ಏಪ್ರಿಲಿನಿಂದ ೫,೦೦೦ ಆಯಿತು; ಇಪ್ಪತ್ತು ವರ್ಷ ದಾಟಿದ ಕಾರಿಗೆ ೨೦೨೫ರಲ್ಲಿ ೧೦,೦೦೦ಕ್ಕೆ ಏರಿತು. ಹದಿನಾಲ್ಕು ವರ್ಷದ ಓಮ್ನಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರು ಮರುವರ್ಷ ಕಾದಿರುವ ಈ ಖರ್ಚನ್ನೂ ತಪಾಸಣೆಗೆ ಗಾಡಿಯನ್ನು ಸಜ್ಜುಗೊಳಿಸುವ ಖರ್ಚನ್ನೂ ಬೆಲೆಗೆ ಕೂಡಿಸಿಕೊಳ್ಳಬೇಕು. ಗಡಿಯಾಚೆ ಕಾಸರಗೋಡಿನಿಂದ ಕೇರಳದ ನೋಂದಣಿಯ ಗಾಡಿ ತರುವವರಿಗೆ ಅಲ್ಲಿಯ ನಿರಾಕ್ಷೇಪಣ ಪತ್ರ, ಇಲ್ಲಿಯ ತೆರಿಗೆ ಬೇರೆ.

ಮಾರುವವರೂ ತಿಳಿದಿರಬೇಕಾದ ಸಂಗತಿ ಒಂದಿದೆ. ನಮ್ಮಲ್ಲಿ ಪರಿಚಯದವರೊಳಗೆ ಗಾಡಿ ಕೈಬದಲಾಯಿಸಿದಾಗ ಹೆಸರು ಬದಲಾಯಿಸುವುದನ್ನು ಅಲಕ್ಷಿಸುವುದುಂಟು. ನಂಬಿಕೆಯೇ ಸಾಕೆಂದು ಬಿಡುತ್ತಾರೆ. ಆದರೆ ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ತೀರ್ಪಿನಲ್ಲಿ, ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ದೃಷ್ಟಿಯಲ್ಲಿ ಒಡೆಯರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸ್ಪಷ್ಟಪಡಿಸಿತು. ಆ ಮೊಕದ್ದಮೆಯಲ್ಲಿ ಕಾರು ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿತ್ತು; ಹೆಸರು ಮಾತ್ರ ಮೊದಲಿನವನದೇ ಉಳಿದಿತ್ತು. ಎಂದೋ ಮಾರಿದ ಗಾಡಿ ಎಲ್ಲಿಯೋ ಮಾಡಿದ ಅನಾಹುತಕ್ಕೆ ಇಲ್ಲಿ ತೋಟ ಮಾರಬೇಕಾಗಿ ಬಂದರೆ ಗತಿಯೇನು?

ನನ್ನ ಮಾವನವರು ಆ ಜೀಪನ್ನು ನಾಲ್ಕು ವರ್ಷ ಇಟ್ಟುಕೊಂಡರು. ಚಾಸಿಸ್ಸಿನ ಪ್ರಕರಣದ ಮರುದಿನವೇ ಅಡಿಕೆಯ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಜೀಪಿನ ಲೆಕ್ಕವನ್ನು ಬರೆಯತೊಡಗಿದರು: ಬೆಸುಗೆ, ಟೈರು, ಕ್ಲಚ್ಚು, ಸ್ಪ್ರಿಂಗಿನ ಪಟ್ಟಿ, ಒಂದನ್ನೂ ಬಿಡಲಿಲ್ಲ. ೨೦೧೩ರಲ್ಲಿ ಅರುವತ್ತು ಸಾವಿರಕ್ಕೆ ಮಾರುವಾಗ ಕೂಡಿಸಿ ನೋಡಿದೆವು. ದುರಸ್ತಿಗೆ ಒಂದು ಲಕ್ಷ ಹನ್ನೆರಡು ಸಾವಿರ ಹೋಗಿತ್ತು. ಬೆಲೆಯಲ್ಲಿ ಇಳಿದದ್ದು ಮೂವತ್ತು ಸಾವಿರ ಮಾತ್ರ. ವರ್ಷವೊಂದಕ್ಕೆ ಮೂವತ್ತೈದೂವರೆ ಸಾವಿರ. ಅದರಲ್ಲಿ ಬೆಲೆಯ ಪಾಲು ಏಳೂವರೆ, ದುರಸ್ತಿಯ ಪಾಲು ಇಪ್ಪತ್ತೆಂಟು. ಐದು ಸಾವಿರಕ್ಕಾಗಿ ಒಂದು ಮಧ್ಯಾಹ್ನವೆಲ್ಲ ಚೌಕಾಸಿ ಮಾಡಿದವರು ಅಡಿಭಾಗ ನೋಡಲು ಐದು ನಿಮಿಷವನ್ನೂ ಕೊಟ್ಟಿರಲಿಲ್ಲ.

ಕೊಳ್ಳಲು ಬಂದವರು ಕಡಬದ ಕಡೆಯ ಒಬ್ಬ ರಬ್ಬರು ಬೆಳೆಗಾರರು. ಮಾವನವರು ಅವರ ಮುಂದೆ ಆ ಪುಸ್ತಕವನ್ನು ಬಿಚ್ಚಿಟ್ಟು, ಬೆಸುಗೆ ಹಾಕಿದ ಜಾಗಗಳನ್ನು ಒಂದೊಂದಾಗಿ ಹೇಳಿದರು. ಅವರು ಪುಟಗಳನ್ನು ತಿರುವಿ ನೋಡಿ, ಅಂಗಳದಲ್ಲಿ ಒಂದು ಗೋಣಿಯನ್ನು ಹಾಸಿ, ಟಾರ್ಚು ಹಿಡಿದು ಜೀಪಿನ ಅಡಿಗೆ ನುಸುಳಿದರು. ಬಹಳ ಹೊತ್ತು ಕುಟ್ಟುವ ಸದ್ದು ಕೇಳುತ್ತಿತ್ತು. ಹೊರಗೆ ಬಂದು ಕೈ ಒರೆಸಿಕೊಂಡು, ಕೇಳಿದ ಬೆಲೆಯಲ್ಲಿ ಒಂದು ಕಾಸನ್ನೂ ತಗ್ಗಿಸದೆ ಕೊಟ್ಟರು. ಮರುದಿನ ಇಬ್ಬರೂ ಅದೇ ಜೀಪಿನಲ್ಲಿ ಪುತ್ತೂರಿಗೆ ಹೋಗಿ ಹೆಸರು ಬದಲಾಯಿಸುವ ಅರ್ಜಿಗಳಿಗೆ ರುಜು ಹಾಕಿದರು. ಬರುವಾಗ ಮಾವನವರು ಬಸ್ಸಿನಲ್ಲಿ ಬಂದರು.